ಸೊಲ್ಲು ತಿರುಗಿಸುವವಳು

ಮಳೆಗಾಲ, ಭತ್ತದ ಸಸಿ ನೆಡುವ ನೆಟ್ಟಿಯ ಕಾಲ. ಕುಮಟೆಯ ಬಸ್ಸು ಕೇರಿಯ ತಿರುವಿನಲ್ಲಿ ನಿಂತಿತು. ಇಳಿದವಳು ಗಂಗಿ. ಒಂದು ಕೈಯಲ್ಲಿ ಟ್ರಂಕು, ಇನ್ನೊಂದು ಕೈಯಲ್ಲಿ ಹಸಿರು ಬಾಲ್ದಿ. ಬಾಲ್ದಿಯೊಳಗೆ ಚಪ್ಪಲಿ, ಸೋಪಿನ ಡಬ್ಬಿ, ಮಡಿಸಿಟ್ಟ ಬಿಳಿ ಸಮವಸ್ತ್ರ. ಕೊಡೆ ಹಿಡಿಯಲು ಮೂರನೆಯ ಕೈ ಇಲ್ಲದ್ದರಿಂದ ನೆನೆಯುತ್ತಲೇ ಗದ್ದೆಯ ಹಾಳಿಯ ಮೇಲೆ ನಡೆದು ಬಂದಳು.

ಹಾಳಿ ಕಟ್ಟುತ್ತಿದ್ದ ಸೋದರಮಾವ ಹಮ್ಮ ತಲೆ ಎತ್ತಿ ನೋಡಿದ. ಗಂಗಿಯ ಅಪ್ಪ ತೀರಿಕೊಂಡ ಮೇಲೆ ಈ ಮನೆಯ ಗದ್ದೆಗೂ ಮಾತಿಗೂ ಅವನೇ ದಿಕ್ಕು.

"ಎಂತದೆ ಗಂಗಿ, ಹೇಳ್ದೆ ಕೇಳ್ದೆ ಬಂದಿ?"

"ರಜೆ, ಮಾವ."

ಹಮ್ಮ ಬಾಲ್ದಿಯ ಕಡೆ ನೋಡಿದ. "ರಜೆಗೆ ಬಂದವ್ರು ಬಾಲ್ದಿನೂ ಹೊತ್ಕಂಡು ಬತ್ರಾ? ಭಟ್ಕಳದಲ್ಲಿ ನೀರು ಮುಗ್ದು ಹೋತಾ?"

ಗಂಗಿ ನೇರ ಅಂಗಳಕ್ಕೆ ಬಂದಳು. ಅವ್ವಿ ಸಣ್ಣಿ ಕೈಯ ಕೆಸರನ್ನು ಸೀರೆಗೆ ಒರೆಸಿಕೊಳ್ಳುತ್ತ ಎದುರು ಬಂದಳು. ಅವಳೂ ಬಾಲ್ದಿ ನೋಡಿದಳು. "ಬಂದ್ಯಾ ಮಗಾ. ಗಂಜಿ ಅದೆ, ಉಣ್ಣು" ಎಂದಳು. ಆ ದನಿಯನ್ನು ನೆನೆದುಕೊಂಡೇ ಅವಳು ಭಟ್ಕಳದ ಆಸ್ಪತ್ರೆಯಲ್ಲಿ ದಿನ ದೂಡಿದ್ದಳು.

ಈ ಮನೆಯ ಒಂದು ಪದ್ಧತಿಯನ್ನು ಮೊದಲು ಹೇಳಬೇಕು. ಸಣ್ಣಿ ಹಾಡುಗಾರ್ತಿ. ಗದ್ದೆಗೆ ಕಾಲಿಡುವ ಮುಂಚೆ ಬಗ್ಗಿ ಮಣ್ಣು ಮುಟ್ಟಿ ಹಣೆಗೆ ಒತ್ತಿಕೊಂಡು, ಆಮೇಲೆ ಹಾಡಿನ ಒಂದು ಸೊಲ್ಲು ಎತ್ತುತ್ತಾಳೆ. ಅವಳು ಎತ್ತಿದ ಸೊಲ್ಲನ್ನು ಇನ್ನೊಬ್ಬಳು ತಿರುಗಿಸಿ, ಎಂದರೆ ಇದ್ದ ಹಾಗೆಯೇ ಮತ್ತೆ, ಹೇಳಬೇಕು. ಸರಿಯಾಗಿ ತಿರುಗಿ ಬಂದರೆ ಸಣ್ಣಿ ಮೆಲ್ಲಗೆ "ಆತು" ಎಂದು ಮುಂದಿನದಕ್ಕೆ ಹೋಗುತ್ತಾಳೆ. ತಪ್ಪಿ ಬಂದರೆ ಬೈಯುವುದಿಲ್ಲ, ನಗುವುದಿಲ್ಲ. ಅದೇ ಸೊಲ್ಲನ್ನು ಮತ್ತೆ ಎತ್ತುತ್ತಾಳೆ. ಸರಿಯಾಗುವ ತನಕ ಹಾಡು ಅಲ್ಲೇ ನಿಂತಿರುತ್ತದೆ. ಗಂಗಿಗೆ ಮಾತು ಬಂದಾಗಿನಿಂದ ತಿರುಗಿಸುವವಳು ಅವಳೇ. ಅವಳು ಓದಲು ಹೋದ ಮೇಲೆ ಸಣ್ಣಿ ಸೊಲ್ಲು ಎತ್ತಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ತಾನೇ ತಿರುಗಿಸಿಕೊಳ್ಳುತ್ತಿದ್ದಳು. ಆ ಸುಮ್ಮನಿರುವ ಹೊತ್ತು ಮಗಳದ್ದು ಎಂದು ಗದ್ದೆಯಲ್ಲಿದ್ದ ಹೆಂಗಸರಿಗೆಲ್ಲ ಗೊತ್ತಿತ್ತು.

ಗಂಗಿಯನ್ನು ನರ್ಸಿಂಗ್ ಓದಿಗೆ ಕಳಿಸಿದ್ದು ಊರಿನ ನರ್ಸಬಾಯಿ ಮಾಲಿನಿ. ಹೊನ್ನಾವರದ ಹೆಂಗಸು. ಕೇರಿಯ ಮಕ್ಕಳಿಗೆ ಚುಚ್ಚುಮದ್ದು ಕೊಡುತ್ತ, ಬಸುರಿಯರನ್ನು ನೋಡುತ್ತ ಇಲ್ಲಿಯವಳೇ ಆಗಿಬಿಟ್ಟವಳು. ಗಂಗಿ ಮಂಗಳೂರಿಗೆ ಹೋದಳು. ಅಲ್ಲಿನ ಹಾಸ್ಟೆಲಿನಲ್ಲಿ ಅವಳು "ಆತು" ಅಂದರೆ ಹುಡುಗಿಯರು ನಗುತ್ತಿದ್ದರು. ಕೊನೆಗೆ ಅವಳಿಗೆ "ಆತು" ಎಂದೇ ಹೆಸರಿಟ್ಟರು. ಗಂಗಿ ಮನೆಯ ಮಾತನ್ನು ಒಂದೊಂದಾಗಿ ಬಿಟ್ಟಳು. ಕಾಯಿಲೆಯ ಹೆಸರುಗಳನ್ನು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿದಳು. ಗಾಯ ತೊಳೆದು ಕಟ್ಟುವುದನ್ನು ನಿಂತಲ್ಲೇ ನಿಂತು ಕಲಿತಳು. ಪಾಸಾದಳು. ಭಟ್ಕಳದ ಒಂದು ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು.

ಕೆಲಸ ಸಿಕ್ಕಿದರೆ ಎಲ್ಲ ಸರಿಯಾಗುತ್ತದೆ ಎಂದುಕೊಂಡಿದ್ದಳು. ಸರಿಯಾಗಲಿಲ್ಲ. ಕಲಿಯುವಾಗ ಪಕ್ಕದಲ್ಲಿ ಯಾರಾದರೂ ಇರುತ್ತಿದ್ದರು. ಇಲ್ಲಿ ವಾರ್ಡಿಗೆ ಬಂದವರು "ಸಿಸ್ಟರ್" ಎಂದು ಕರೆದರೆ ತಿರುಗಬೇಕಾದವಳು ತಾನೇ. ಭಟ್ಕಳದ ಹೆಂಗಸರು ತಮ್ಮ ನವಾಯತಿ ಭಾಷೆಯಲ್ಲಿ ಏನೋ ಕೇಳಿದರೆ ಅರ್ಥವಾಗದೆ ನಿಲ್ಲುತ್ತಿದ್ದಳು. ಗೊತ್ತಿಲ್ಲದ್ದನ್ನು ವಾರ್ಡಿನ ದೊಡ್ಡ ಸಿಸ್ಟರ್ ಹತ್ತಿರ ಕೇಳಲು ಹೆದರಿಕೆ. ಕೇಳಿದರೆ ಕಲಿತೇ ಇಲ್ಲ ಅಂದುಕೊಂಡಾರು ಎಂಬ ನಾಚಿಕೆ. ಸಂಜೆ ಡ್ಯೂಟಿ ಮುಗಿಸಿ ಕೋಣೆಗೆ ಬಂದರೆ ದೂರದಲ್ಲಿ ರೈಲು ಕೂಗುತ್ತಿತ್ತು. ಕೊಂಕಣ ರೈಲು ಓಡಲು ಸುರುವಾಗಿ ಕೆಲವೇ ವರ್ಷವಾಗಿತ್ತು. ಆ ರೈಲು ಮುರ್ಡೇಶ್ವರ, ಮಂಕಿ ದಾಟಿ, ಹೊನ್ನಾವರದ ಶರಾವತಿ ದಾಟಿ, ಕುಮಟೆಗೆ ಹೋಗುತ್ತದೆ. ತನ್ನನ್ನು ಬಿಟ್ಟು ಹೋಗುತ್ತದೆ. ಗಂಗಿ ತಲೆದಿಂಬಿಗೆ ಮುಖ ಒತ್ತಿಕೊಂಡು ಆ ಊರುಗಳ ಹೆಸರನ್ನು ಒಂದಾದ ಮೇಲೊಂದು ಹೇಳಿಕೊಳ್ಳುತ್ತಿದ್ದಳು, ದೇವರ ಹೆಸರು ಹೇಳಿಕೊಂಡ ಹಾಗೆ.

ಹೀಗಿರುವಾಗ ಮಂಕಿಯ ದುರ್ಗಪ್ಪ ವಾರ್ಡಿಗೆ ಬಂದ. ತೆಂಗಿನ ಮರ ಹತ್ತುವ ಆಳು. ಹರ್ನಿಯಾ ಆಗಿತ್ತು. ಜೊತೆಗೆ ಹೆಂಡತಿ ಮಾಸ್ತಮ್ಮ. ಮರುದಿನ ಬೆಳಿಗ್ಗೆ ಆಪರೇಶನ್. ಆಪರೇಶನ್ನಿಗೆ ಮುಂಚೆ ಹೊಟ್ಟೆ ಖಾಲಿ ಇರಬೇಕು. ಇಲ್ಲವಾದರೆ ಮತ್ತಿನ ಮದ್ದು ಕೊಟ್ಟಾಗ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು, ಜೀವಕ್ಕೇ ಅಪಾಯ. ಇದು ಗಂಗಿಗೆ ಚೆನ್ನಾಗಿ ಗೊತ್ತು. ಹಿಂದಿನ ಸಂಜೆ ಅವಳು ಮಂಚದ ಬಳಿ ನಿಂತು, ಪುಸ್ತಕದ ಮಾತಿನಲ್ಲಿ, "ನಾಳೆ ಶಸ್ತ್ರಚಿಕಿತ್ಸೆ ಮುಗಿಯುವವರೆಗೆ ರೋಗಿಗೆ ಆಹಾರ ಸೇವನೆ ನಿಷಿದ್ಧ. ಊಟ, ತಿಂಡಿ ಕೊಡುವಂತಿಲ್ಲ" ಎಂದಳು. ಮಾಸ್ತಮ್ಮ ತಲೆ ಆಡಿಸಿದಳು. ಗಂಗಿ ಮುಂದಿನ ಮಂಚಕ್ಕೆ ಹೋದಳು.

ಬೆಳಿಗ್ಗೆ ದುರ್ಗಪ್ಪನನ್ನು ಒಳಗೆ ಕರೆದೊಯ್ಯಲು ಗಾಡಿ ಬಂತು. ಅವನ ಕೈಗೆ ಹೆಸರಿನ ಪಟ್ಟಿ ಕಟ್ಟುತ್ತ ಗಂಗಿ ಬಗ್ಗಿದಾಗ ಮೀಸೆ ಕಣ್ಣಿಗೆ ಬಿತ್ತು. ಮೀಸೆಯ ತುದಿಯಲ್ಲಿ ತೆಳ್ಳಗೆ ಬಿಳಿ ಗೆರೆ, ಒಣಗಿ ಬಿರುಕುಬಿಟ್ಟಿದೆ. ಬೇರೆ ಯಾರಾದರೂ ಅದನ್ನು ಪೇಸ್ಟೋ ಸುಣ್ಣವೋ ಅನ್ನುತ್ತಿದ್ದರು. ಗಂಗಿಗೆ ನೋಡಿದ ಕೂಡಲೇ ಗೊತ್ತಾಯಿತು. ಅವಳ ಅಪ್ಪನ ಮೀಸೆಯ ಮೇಲೆ ದಿನಾ ಇರುತ್ತಿದ್ದ ಗೆರೆ ಅದು. ಗಂಜಿಯ ತೆಳಿ.

ಆ ಹೊತ್ತಿಗೆ ಅವಳು ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. "ತೆಳಿ ಕುಡಿದಿರಾ?" ಎಂದು ಕೇಳಿದಳು.

ಮಾಸ್ತಮ್ಮನೇ ಉತ್ತರ ಕೊಟ್ಟಳು. "ಊಟ ಕೊಡ್ಲಿಲ್ಲ ತಂಗಿ. ದೇವ್ರಾಣೆ ಒಂದು ಅಗಳೂ ಕೊಡ್ಲಿಲ್ಲ. ಬಾಯಿ ಒಣಗ್ತದೆ ಅಂದ್ರು. ಇಲ್ಲೇ ನನ್ ತಂಗಿ ಮನೆಯಿಂದ ತರ್ಸಿ ಆಸರಿಗೆ ಒಂದು ಲೋಟ ತೆಳಿ ಕೊಟ್ಟೆ, ಅಷ್ಟೆ. ತೆಳಿ ಎಂತಕ್ಕೆ ಊಟ ಆಗ್ತದೆ?"

ದುರ್ಗಪ್ಪ ಹೆಂಡತಿಯ ಪರ ನಿಂತ. "ದಿನಾ ತೆಳಿ ಕುಡ್ಕಂಡೇ ನಾ ಮರ ಹತ್ತುದು ಸಿಸ್ಟರೆ. ಇವತ್ತಿನವರಿಗೂ ಒಂದ್ಸಲನೂ ಬೀಳಲಿಲ್ಲ."

ಗಂಗಿ ಹೋಗಿ ದೊಡ್ಡ ಸಿಸ್ಟರಿಗೆ ಹೇಳಿದಳು. ಆಪರೇಶನ್ ಮುಂದಕ್ಕೆ ಹೋಯಿತು. ಡಾಕ್ಟರು ಗೊಣಗಿದರು. ದೊಡ್ಡ ಸಿಸ್ಟರ್ ವಾರ್ಡಿನ ನಡುವೆ, ಎಲ್ಲರೂ ಕೇಳುವ ಹಾಗೆ, "ಹೇಳಿದ್ದೆ ಅಂದರೆ ಸಾಲದು. ಅವರಿಗೆ ತಿಳಿಯಿತಾ ಅಂತ ನೋಡಿದ್ದೀಯಾ? ಇಷ್ಟೂ ಗೊತ್ತಾಗದಿದ್ದರೆ ಕ್ಯಾಪ್ ಯಾಕೆ ಹಾಕಿಕೊಂಡೆ?" ಎಂದರು. ಗಂಗಿ ಡ್ಯೂಟಿ ಮುಗಿಯುವ ತನಕ ಅಳಲಿಲ್ಲ. ಮರುದಿನದಿಂದ ಅವಳಿಗೆ ಸರದಿಯ ರಜೆ ಇತ್ತು. ರಜೆಗೆ ಹೋಗಿ ಬರುತ್ತೇನೆ ಎಂದು ಹೇಳಿ, ಕೋಣೆಯಲ್ಲಿದ್ದದ್ದನ್ನೆಲ್ಲ ತುಂಬಿಕೊಂಡು, ಬಾಲ್ದಿಯನ್ನೂ ಬಿಡದೆ ಬಸ್ಸು ಹತ್ತಿದಳು.

ಮನೆಗೆ ಬಂದ ಮರುದಿನ ಕೇರಿಯಲ್ಲಿ ಚುಚ್ಚುಮದ್ದಿನ ದಿನ. ಕೆಲಸ ಮುಗಿಸಿದ ಮಾಲಿನಿ ಬಾಯಿ ಲಸಿಕೆಯ ಪೆಟ್ಟಿಗೆಯನ್ನು ಜಗಲಿಯ ಮೇಲಿಟ್ಟು ಕೂತಳು. ಸಣ್ಣಿ ಬೆಲ್ಲ, ನೀರು ತಂದಿಟ್ಟಳು. ಮಾಲಿನಿ ಬಾಯಿ ಕಾಲು ಚಾಚುವ ಮೊದಲೇ ಹಮ್ಮ ತನ್ನ ತೀರ್ಮಾನ ಹೇಳಿಬಿಟ್ಟ. ಹುಡುಗಿ ಇನ್ನು ಹೋಗುವುದಿಲ್ಲ. ಮನೆಯಲ್ಲಿರಲಿ, ನೆಟ್ಟಿ ಮುಗಿದ ಮೇಲೆ ಗಂಡು ನೋಡೋಣ. ಕಂಡವರ ಮೈ ತೊಳೆಯುವ ಕೆಲಸ, ಅದೂ ಗಂಡಸರದ್ದು, ನಮ್ಮ ಮನೆಯ ಹೆಣ್ಣಿಗೆ ಯಾಕೆ ಬೇಕು ಎಂದ.

ಮಾಲಿನಿ ಬಾಯಿ ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡಳು. "ಹಮ್ಮಣ್ಣಾ, ಹೋದ ಮಳೆಗಾಲ ನಿಮ್ಮ ಕಾಲು ಕೊಳ್ತು ನಾರ್ತಿತ್ತು. ದಿನಾ ಬಂದು ತೊಳ್ದು ಕಟ್ಟಿದ್ದು ಯಾರು?"

"ನೀವು."

"ನಾ ಹೆಂಗಸಲ್ದಾ? ನೀವು ಗಂಡಸಲ್ದಾ?"

"ನೀವು ಬೇರೆ, ಬಾಯಿ. ನೀವು ನರ್ಸಬಾಯಿ."

"ನಾನೂ ಹೊನ್ನಾವರದಲ್ಲಿ ಒಬ್ರ ಮನೆ ಮಗಳೇ ಆಗಿದ್ದೆ, ಹಮ್ಮಣ್ಣಾ. ನಮ್ಮಪ್ಪನೂ ಹಿಂಗೇ ಅಂದಿದ್ರೆ ನಿಮ್ಮ ಕಾಲು ಇವತ್ತು ಎಲ್ಲಿರ್ತಿತ್ತು?"

ಹಮ್ಮ ತನ್ನ ಕಾಲು ನೋಡಿಕೊಂಡ. ಎಲೆಯಡಿಕೆಯ ಚೀಲ ಹುಡುಕುವ ನೆಪ ಮಾಡಿ ಒಳಗೆ ಹೋದ. ಆದರೆ ಬಾಗಿಲ ಹಿಂದೆಯೇ ನಿಂತಿದ್ದ.

ಆಮೇಲೆ ಗಂಗಿ ನಡೆದದ್ದನ್ನೆಲ್ಲ ಹೇಳಿದಳು. ಹೇಳುತ್ತ ಹೇಳುತ್ತ ಅತ್ತಳು. ಎಲ್ಲ ಕೇಳಿಸಿಕೊಂಡ ಮೇಲೆ ಮಾಲಿನಿ ಬಾಯಿ ಕೇಳಿದಳು.

"ಆ ಮೀಸೆ ನೋಡಿದ್ದು ಯಾರು?"

"ನಾನು."

"ನೋಡಿ ಹೇಳ್ದವಳು?"

"ನಾನೇ."

"ಬೈಸ್ಕಂಬುದು ಗೊತ್ತಿದ್ದೂ ಹೇಳ್ದೆ. ಹಂಗಾರೆ ಆ ಮನುಷ್ಯ ಬದುಕಿದ್ದು ನಿನ್ನಿಂದ ಹೌದಾ ಅಲ್ದಾ?"

ಗಂಗಿ ಕಣ್ಣೊರೆಸಿಕೊಂಡಳು. ಹೀಗೆ ಅವಳು ಯೋಚಿಸಿಯೇ ಇರಲಿಲ್ಲ. ಮಾಲಿನಿ ಬಾಯಿ ಅವಳನ್ನು ಹೊಗಳಲೂ ಇಲ್ಲ, ಹೋಗು ಎಂದು ಒತ್ತಾಯ ಮಾಡಲೂ ಇಲ್ಲ. ಮೊದಲ ವರ್ಷ ಎಲ್ಲ ನರ್ಸುಗಳಿಗೂ ಹೀಗೇ ಎಂದಳು. ಟ್ರಂಕು ಕಟ್ಟದೆ ಉಳಿದವರು ಕಡಿಮೆ, ಕೈಯಲ್ಲಿ ಕಟ್ಟದಿದ್ದರೂ ಮನಸ್ಸಿನಲ್ಲಿ ಕಟ್ಟಿರುತ್ತಾರೆ ಎಂದಳು. ತಿಳಿಯದೆ ತಲೆ ಆಡಿಸಿದರೆ ಅಪಾಯ, ಕೇಳಿದರೆ ಅವಮಾನ ಮಾತ್ರ, ಅವಮಾನ ಸಂಜೆಗೆ ಆರುತ್ತದೆ. ವಾರ್ಡಿನಲ್ಲಿ ಹಿರಿಯ ಸಿಸ್ಟರ್ ಒಬ್ಬರನ್ನಾದರೂ ಅಕ್ಕ ಮಾಡಿಕೊಳ್ಳಬೇಕು. ಹೊತ್ತಿಗೆ ಸರಿಯಾಗಿ ಉಣ್ಣಬೇಕು, ನಿದ್ದೆ ಬಿಡಬಾರದು, ಮನಸ್ಸು ಭಾರವಾದರೆ ಒಬ್ಬಳೇ ಹೊರಬಾರದು, ಯಾರಿಗಾದರೂ ಹೇಳಬೇಕು. ದೊಡ್ಡ ಸಿಸ್ಟರ್ ಎಲ್ಲರೆದುರು ಬೈದದ್ದು ಸರಿಯಲ್ಲ, ಆದರೆ ಅವರು ಕೇಳಿದ ಪ್ರಶ್ನೆ ಸರಿಯಾಗಿಯೇ ಇದೆ, ಆ ಪ್ರಶ್ನೆಯನ್ನು ಮಾತ್ರ ಇಟ್ಟುಕೊ ಎಂದಳು. ಇಷ್ಟು ಹೇಳಿ ಪೆಟ್ಟಿಗೆ ಎತ್ತಿಕೊಂಡು ಹೊರಟಳು. ಅಂಗಳ ದಾಟುವಾಗ ತಿರುಗಿ, "ಬಾಲ್ದಿ ಒಳ್ಳೇದಿತ್ತು. ಬಿಟ್ಟು ಹೋಗುದಾದ್ರೆ ನಂಗೆ ಕೊಡು" ಎಂದಳು. ಗಂಗಿಗೆ ಅಳುವಿನ ನಡುವೆಯೇ ನಗು ಬಂತು.

ಮಧ್ಯಾಹ್ನ ಮಳೆ ಬಿಟ್ಟಿತ್ತು. ಗಂಗಿ ಸೀರೆ ಎತ್ತಿ ಕಟ್ಟಿ ಅವ್ವಿಯ ಜೊತೆ ಗದ್ದೆಗೆ ಇಳಿದಳು. ಸಣ್ಣಿ ಮಣ್ಣು ಮುಟ್ಟಿ ಹಣೆಗೆ ಒತ್ತಿಕೊಂಡಳು. ಗಂಗಿಯೂ ಒತ್ತಿಕೊಂಡಳು. ಕಿತ್ತು ಕಟ್ಟಿದ ಅಗೆಯ, ಅಂದರೆ ಭತ್ತದ ಸಸಿಯ, ಕಟ್ಟುಗಳು ನೀರಿನಲ್ಲಿ ತೇಲುತ್ತಿದ್ದವು. ಸಣ್ಣಿ ಸೊಲ್ಲು ಎತ್ತಿದಳು.

"ಅಗೆಯ ಕಿತ್ತವಳೆ, ಬೇರ ತೊಳೆದವಳೆ, ಹೊಸ ಗದ್ದೆ ತೋರೆ."

ಎಷ್ಟು ದಿನವಾಗಿತ್ತು ಆ ದನಿ ಕೇಳಿ. ಅವಳು ತಿರುಗಿಸಿದಳು.

"ಅಗೆಯ ಕಿತ್ತವಳೆ, ಬೇರ ತೊಳೆದವಳೆ, ಹಳೆ ಗದ್ದೆ ತೋರೆ."

ಸಣ್ಣಿಯ ಬೆನ್ನು ಬಗ್ಗಿದ್ದದ್ದು ಬಗ್ಗಿದ ಹಾಗೇ ನಿಂತಿತು. ಅವಳು "ಆತು" ಅನ್ನಲಿಲ್ಲ. ಮಗಳ ಕಡೆ ತಿರುಗಲೂ ಇಲ್ಲ. ಅದೇ ಸೊಲ್ಲನ್ನು ಮತ್ತೆ ಎತ್ತಿದಳು, ಸ್ವಲ್ಪ ನಿಧಾನವಾಗಿ, "ಹೊಸ" ಎಂಬಲ್ಲಿ ದನಿಯನ್ನು ತುಸು ಹೊತ್ತು ನಿಲ್ಲಿಸಿ. ಗಂಗಿಗೆ ಆಗ ತನ್ನ ಬಾಯಿಂದ ಬಂದದ್ದು ಏನೆಂದು ಗೊತ್ತಾಯಿತು. ತಿರುಗಿಸಲು ಹೋದಳು, ದನಿ ಬರಲಿಲ್ಲ. ಸಣ್ಣಿ ಕಾದಳು. ಸುತ್ತಲಿನ ಹೆಂಗಸರೂ ಕೈ ನಿಲ್ಲಿಸಿ ಕಾದರು.

ಆ ಕಾಯುವಿಕೆಯಲ್ಲಿ ಗಂಗಿಯ ಮನಸ್ಸಿಗೆ ಒಂದು ವಿಷಯ ಹೊಳೆಯಿತು. ಅವ್ವಿ ಸೊಲ್ಲು ಎತ್ತಿ ಮುಂದೆ ಹೋಗಿಬಿಟ್ಟಿದ್ದರೆ ನನ್ನ ತಪ್ಪು ಯಾರಿಗೆ ತಿಳಿಯುತ್ತಿತ್ತು? ಮಾಸ್ತಮ್ಮನ ಎದುರು ನಾನು ಸೊಲ್ಲು ಎತ್ತಿದ್ದೆ, ತಿರುಗಿಸಿ ಹೇಳಿಸಲಿಲ್ಲ. ಅದೂ ಅವಳದಲ್ಲದ ಮಾತಿನಲ್ಲಿ ಎತ್ತಿದ್ದೆ. ತೆಳಿ ಊಟವಲ್ಲ, ಆಸರಿ, ಬಾಯಾರಿಕೆಗೆ ಕುಡಿಯುವುದು ಎಂದು ನನಗೆ ಹುಟ್ಟಿದಾಗಿನಿಂದ ಗೊತ್ತಿದೆ. ಗೊತ್ತಿದ್ದೂ ಆ ಮಾತನ್ನು ಮಂಗಳೂರಿನ ಹಾಸ್ಟೆಲಿನಲ್ಲಿ ಬಿಟ್ಟು ಬಂದೆ. ಅಂದು ಆ ಸೊಲ್ಲು ತಿರುಗದೆಯೇ ಉಳಿಯಿತು.

ಸಂಜೆ ತುಳಸಿಗೆ ದೀಪವಿಟ್ಟ ಮೇಲೆ ಸಣ್ಣಿ ಮಗಳ ಪಕ್ಕ ಕೂತಳು. ಮೆಲ್ಲಗೆ ಹೇಳಿದಳು, "ನೀ ಇಲ್ಲೇ ಇದ್ರೆ ನಂಗೆ ಹಾಡೂಕೆ ಜೊತೆ ಆತು. ಆದ್ರೆ ನೆಟ್ಟ ಅಗೆ ಹಳದಿ ಆಗ್ತದೆ ಅಂತ ಯಾರೂ ಕಿತ್ಕಂಡು ಬರುದಿಲ್ಲ ಮಗಾ. ನೀರು ಕಟ್ಟಿ ಕಾಯ್ತ್ರು." ಅವಳ ಕಣ್ಣು ತುಂಬಿತ್ತು. ಹೋಗು ಎಂದು ಹೇಳುವುದು ಅವಳಿಗೆ ಎಷ್ಟು ಕಷ್ಟ ಎಂದು ಗಂಗಿಗೆ ಕಾಣುತ್ತಿತ್ತು.

ರಜೆ ಮುಗಿದ ದಿನ ಟ್ರಂಕನ್ನು ಹೊತ್ತು ಬಸ್ಸಿನ ತನಕ ಬಂದವನು ಹಮ್ಮ. ಬಾಲ್ದಿಯನ್ನೂ ಅವನೇ ಹಿಡಿದಿದ್ದ. ಬಸ್ಸು ಬಂದಾಗ, "ಭಟ್ಕಳದಲ್ಲಿ ಕಾಲು ನೋಡೂ ಡಾಕ್ಟರು ಒಳ್ಳೇವ್ರಿದ್ರೆ ಹೇಳು. ಈ ಕಾಲು ಮಳೆಗಾಲಕ್ಕೆ ಇನ್ನೂ ತಕರಾರು ಮಾಡ್ತದೆ" ಎಂದ. ಅದು ಅವನ ಒಪ್ಪಿಗೆ ಎಂದು ಗಂಗಿಗೆ ತಿಳಿಯಿತು.

ದುರ್ಗಪ್ಪನಿಗೆ ಮತ್ತೆ ಆಪರೇಶನ್ನಿನ ದಿನ ನಿಗದಿಯಾಗಿತ್ತು. ಹಿಂದಿನ ಸಂಜೆ ಗಂಗಿ ಮಂಚದ ಬಳಿ ಹೋಗಿ, ನಿಲ್ಲದೆ, ಮಾಸ್ತಮ್ಮನ ಪಕ್ಕ ಕೂತಳು.

"ಮಾಸ್ತಮ್ಮಕ್ಕ, ನಾಳೆ ಇವ್ರಿಗೆ ಮತ್ತು ಕೊಡ್ತ್ರು. ಹೊಟ್ಟೇಲಿ ಎಂತದೂ ಇರೂಕಾಗ. ಡಾಕ್ಟರು ಹೇಳಿದ ಹೊತ್ತಿನ ಮೇಲೆ ಊಟ ಇಲ್ಲ, ತಿಂಡಿ ಇಲ್ಲ, ಆಸರಿನೂ ಇಲ್ಲ. ತೆಳಿ ಇಲ್ಲ, ಚಾ ಇಲ್ಲ, ನೀರೂ ಇಲ್ಲ. ಇದ್ರೆ ಅದು ಮೇಲೆ ಬಂದು ಉಸಿರು ಕಟ್ತದೆ. ಈಗ ನಾ ಹೇಳಿದ್ದು ಎಂತ ಅಂತ ನಂಗೆ ತಿರುಗ್ಸಿ ಹೇಳಿ."

ಮಾಸ್ತಮ್ಮ ಅವಳ ಮುಖ ನೋಡಿದಳು. ಈ ಹುಡುಗಿ ನಮ್ಮ ಕಡೆಯವಳಾ ಎಂಬ ಬೆರಗು ಅದರಲ್ಲಿತ್ತು. ಬೆರಳು ಮಡಿಸುತ್ತ ಎಲ್ಲವನ್ನೂ ಹೇಳಿದಳು. ಊಟ ಇಲ್ಲ, ತಿಂಡಿ ಇಲ್ಲ, ತೆಳಿ ಇಲ್ಲ, ಚಾ ಇಲ್ಲ, ನೀರಿಲ್ಲ. ಕೊನೆಗೆ, "ಕವಳ ಹಾಕೂಕೆ ಅಡ್ಡಿಲ್ಲ ಅಲ್ದಾ ತಂಗಿ? ಅದು ನುಂಗುದಲ್ಲ" ಎಂದಳು.

ದುರ್ಗಪ್ಪ ದಿಂಬಿನ ಅಡಿಗೆ ಕೈ ಹಾಕಿ, ಎಲೆಯಡಿಕೆಯ ಪೊಟ್ಟಣವನ್ನು ತಾನಾಗಿಯೇ ಹೊರಗೆ ತೆಗೆದು ಕೊಟ್ಟ. "ಸಿಕ್ಕಿಬಿದ್ದೆ" ಎಂದ. ಅಕ್ಕಪಕ್ಕದ ಮಂಚದವರು ನಕ್ಕರು. ಗಂಗಿ ಮತ್ತೆ ಮೊದಲಿನಿಂದ ಹೇಳಿದಳು, ಕವಳವನ್ನೂ ಸೇರಿಸಿ. ಮಾಸ್ತಮ್ಮ ಮತ್ತೆ ತಿರುಗಿಸಿದಳು. ಈ ಸಲ ಏನೂ ಉಳಿಯಲಿಲ್ಲ.

"ಆತು" ಎಂದಳು ಗಂಗಿ.

ದೊಡ್ಡ ಸಿಸ್ಟರ್ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದರು. ಆಪರೇಶನ್ ಚೆನ್ನಾಗಿ ಆದ ಮೇಲೆ, ಇನ್ನೊಬ್ಬ ರೋಗಿಯ ಮನೆಯವರನ್ನು ತೋರಿಸಿ, "ಇವರಿಗೂ ನೀನೇ ಹೇಳು, ಹಾಗೇ ಹೇಳಿಸು" ಎಂದರು. ಅವರು ಭಟ್ಕಳದವರು. ಗಂಗಿ ಮೊದಲು ಅವರ ಮಗಳ ಹತ್ತಿರ ಕೂತು, ನೀರಿಗೆ, ಗಂಜಿಗೆ, ಎಲೆಯಡಿಕೆಗೆ ನವಾಯತಿಯಲ್ಲಿ ಏನನ್ನುತ್ತಾರೆ ಎಂದು ಕೇಳಿ ಕಲಿತಳು. ಅವಳ ಉಚ್ಚಾರಕ್ಕೆ ಆ ಹುಡುಗಿ ನಕ್ಕಳು. ಈ ಸಲ ನಗು ಗಂಗಿಗೆ ಚುಚ್ಚಲಿಲ್ಲ.

ಊರಿನ ಹಂಬಲ ಹೋಯಿತೆಂದು ತಿಳಿಯಬೇಡಿ. ರೈಲು ಕೂಗಿದಾಗ ಈಗಲೂ ಅವಳು ಕಿಟಕಿಗೆ ಬರುತ್ತಾಳೆ. ಒಂದು ಭಾನುವಾರ ಕೇರಿಯ ಅಂಗಡಿಯ ಕಾಯಿನ್ ಬಾಕ್ಸಿನಿಂದ ಆಸ್ಪತ್ರೆಗೆ ಫೋನು ಬಂತು. ಹಮ್ಮ ನಂಬರು ಒತ್ತಿ ರಿಸೀವರನ್ನು ಸಣ್ಣಿಯ ಕೈಗೆ ಕೊಟ್ಟಿದ್ದ. ಸಣ್ಣಿಗೆ ಆ ಕರಿಯ ವಸ್ತುವಿನೊಳಗೆ ಏನು ಮಾತಾಡಬೇಕೋ ತೋಚಲಿಲ್ಲ. ನೆಟ್ಟಿ ಮುಗಿತು, ಅಗೆ ಬೇರು ಹಿಡಿತು ಎಂದಳು. ಆಮೇಲೆ, ಅಂಗಡಿಯಲ್ಲಿ ನಿಂತೇ, ಮೆಲ್ಲಗೆ ಸೊಲ್ಲು ಎತ್ತಿದಳು.

"ಅಗೆಯ ಕಿತ್ತವಳೆ, ಬೇರ ತೊಳೆದವಳೆ, ಹೊಸ ಗದ್ದೆ ತೋರೆ."

ಭಟ್ಕಳದಲ್ಲಿ ಬಿಳಿ ಸಮವಸ್ತ್ರ ತೊಟ್ಟು ನಿಂತಿದ್ದ ಮಗಳು ಕಣ್ಣು ಮುಚ್ಚಿಕೊಂಡಳು. ಒಂದಕ್ಷರ ತಪ್ಪದೆ ತಿರುಗಿಸಿದಳು.

"ಆತು, ಮಗಾ" ಎಂದಳು ಸಣ್ಣಿ.

ಇದನ್ನು ಓದುತ್ತಿರುವ, ಓದಿಸಿ ಕೇಳುತ್ತಿರುವ ಎಲ್ಲರಿಗೂ ಒಂದು ಮಾತು. ನರ್ಸಿಂಗ್ ಕಲಿಯುತ್ತಿರುವ, ಹೊಸದಾಗಿ ಕೆಲಸಕ್ಕೆ ಸೇರಿರುವ ತಂಗಿಯರೇ ತಮ್ಮಂದಿರೇ, ಟ್ರಂಕು ಕಟ್ಟಬೇಕು ಅನಿಸಿದ ದಿನ ಒಬ್ಬರೇ ಕೂರಬೇಡಿ, ಹಿರಿಯರೊಬ್ಬರಿಗೆ ಹೇಳಿ. ತಿಳಿಯದ್ದನ್ನು ಕೇಳಿ. ತಪ್ಪು ಕಂಡರೆ ಮುಚ್ಚಬೇಡಿ. ನಿಮ್ಮ ಮನೆಯ ಮಾತನ್ನು ಕಾಲೇಜಿನ ಬಾಗಿಲಲ್ಲಿ ಬಿಡಬೇಡಿ, ಅದಕ್ಕಾಗಿ ಕಾಯುವ ರೋಗಿ ವಾರ್ಡಿನಲ್ಲಿದ್ದಾನೆ. ಹಿರಿಯ ಸಿಸ್ಟರುಗಳೇ, ಹೊಸಬರನ್ನು ತಿದ್ದುವುದಾದರೆ ಪಕ್ಕಕ್ಕೆ ಕರೆದು ತಿದ್ದಿ. ಅಪ್ಪ ಅವ್ವಂದಿರೇ, ಮಾವಂದಿರೇ, ನಿಮ್ಮ ಮಕ್ಕಳು ಮಾಡುವುದು ಕಂಡವರ ಚಾಕರಿಯಲ್ಲ, ಜೀವ ಕಾಯುವ ಕೆಲಸ. ವಾರಕ್ಕೊಮ್ಮೆಯಾದರೂ ಅವರ ದನಿ ಕೇಳಿ, ನಿಮ್ಮ ದನಿ ಕೇಳಿಸಿ. ಆಸ್ಪತ್ರೆಗೆ ಬರುವ ಬಂಧುಗಳೇ, ನರ್ಸು ಹೇಳಿದ್ದು ತಿಳಿಯದಿದ್ದರೆ ತಲೆ ಆಡಿಸಬೇಡಿ, ಇನ್ನೊಮ್ಮೆ ಹೇಳಿ ಎನ್ನಿ. ಹೇಳುವವರೂ ಕೇಳುವವರೂ ಸೊಲ್ಲನ್ನು ಒಮ್ಮೆ ತಿರುಗಿಸಿ ನೋಡಿ. ಸರಿಯಾಗಿ ತಿರುಗಿ ಬಂದ ಮೇಲೆಯೇ "ಆತು" ಅನ್ನಿ.